ಅವನ ಹಳದಿ, ಅವಳ ನೀಲಿ

'ಪಟ್ಟೆ ಪೀತಾಂಬರ ಉಟ್ಟು ಬಂದರು' ಎಂದು ನಮ್ಮ ಕಡೆ ಹೇಳುವಾಗ ಯಾರೂ ಬಣ್ಣವನ್ನು ನೆನೆಯುವುದಿಲ್ಲ. ಬೆಲೆಬಾಳುವ ರೇಷ್ಮೆ ಎಂದಷ್ಟೇ ಅದರ ಅರ್ಥ. ಹಸಿರು ಸೀರೆಯೂ ಪೀತಾಂಬರವೇ, ಕೆಂಪು ಸೀರೆಯೂ ಪೀತಾಂಬರವೇ. ಪೀತವೆಂದರೆ ಹಳದಿ ಎಂಬುದು ಬಳಕೆಯ ನೀರಿನಲ್ಲಿ ತೊಳೆದುಹೋಗಿದೆ. ಬಟ್ಟೆ ಬಣ್ಣ ಬಿಟ್ಟಿತೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವ ನಾವು ಮಾತು ಬಣ್ಣ ಬಿಟ್ಟುದನ್ನು ಮಾತ್ರ ಗಮನಿಸುವುದಿಲ್ಲ.

ಈ ಮಾತೆತ್ತಲು ಕಾರಣವುಂಟು. ಈಗ ನಮ್ಮ ಮಹಾನಗರಗಳ ಆರತಕ್ಷತೆಗಳಲ್ಲಿ ವಧುವರರು ಒಂದೇ ಬಣ್ಣದಲ್ಲಿ ನಿಲ್ಲುವುದು ರೂಢಿಯಾಗಿದೆ. ಅವಳ ಸೀರೆಯ ಅಂಚು ಯಾವ ಬಣ್ಣವೋ ಅವನ ಶಲ್ಯವೂ ಅದೇ. ವೇದಿಕೆಯ ಪರದೆ, ಹೂವು, ಆಮಂತ್ರಣ ಪತ್ರಿಕೆ ಎಲ್ಲವೂ ಅದರ ಹಿಂದೆ ಸಾಲಾಗಿ ಬರುತ್ತವೆ. ಇಬ್ಬರ ಪ್ರೀತಿಗೆ ಇಬ್ಬರೂ ಮೆಚ್ಚಿದ ಒಂದು ಬಣ್ಣವೇ ಗುರುತು ಎಂಬ ಭಾವನೆ ಇದರ ಬೆನ್ನಿಗಿದೆ. ಇತ್ತ ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ತಪ್ಪದೆ ಬರುವ ರಾಧಾಕೃಷ್ಣ ನೃತ್ಯವನ್ನು ನೋಡಿ. ಕೃಷ್ಣನಾದ ಮಗುವಿಗೆ ಹಳದಿ ಪಂಚೆ ಬೇಕೆಂಬುದು ಬಾಡಿಗೆಗೆ ವೇಷ ಕೊಡುವವನಿಗೂ ತಿಳಿದಿದೆ. ರಾಧೆಯಾದ ಮಗುವಿಗೆ ಮಾತ್ರ ಆ ದಿನ ಮಿಂಚು ಹಚ್ಚಿದ ಯಾವ ಲಂಗ ಉಳಿದಿದೆಯೋ ಅದು. ಹೆಚ್ಚಾಗಿ ಗುಲಾಬಿ. ಅವನ ಬಣ್ಣ ಗೊತ್ತಾದದ್ದು, ಅವಳ ಬಣ್ಣ ಸಿಕ್ಕಿದ್ದು.

ಪ್ರೇಮಿಗಳ ಉಡುಗೆಯ ಬಣ್ಣಕ್ಕೆ ಕಾವ್ಯದಲ್ಲಿ ಏನಾದರೂ ಕೆಲಸವಿದೆಯೇ, ಅಥವಾ ಅದು ಬರಿಯ ಅಲಂಕಾರವೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಜಯದೇವನ 'ಗೀತಗೋವಿಂದ'ಕ್ಕಿಂತ ತಕ್ಕ ಕೃತಿ ನಮಗೆ ತೋರದು. ಹನ್ನೆರಡನೆಯ ಶತಮಾನದ ಈ ಕಾವ್ಯದಲ್ಲಿ ಹನ್ನೆರಡು ಸರ್ಗಗಳು, ಇಪ್ಪತ್ತನಾಲ್ಕು ಗೀತೆಗಳು. ಅದರ ರಾಗ, ಭಕ್ತಿ, ಶೃಂಗಾರಗಳ ಮೇಲೆ ಬೇಕಾದಷ್ಟು ಬರೆದಾಗಿದೆ. ಅದರೊಳಗಿನ ಬಟ್ಟೆಗಳ ಮೇಲೆ ಬರೆದದ್ದು ಕಡಿಮೆ. ಆ ಬಟ್ಟೆಗಳನ್ನೇ ಹಿಡಿದು ಓದಿದರೆ ಕಾವ್ಯ ಬೇರೊಂದು ರೀತಿಯಲ್ಲಿ ತೆರೆದುಕೊಳ್ಳುತ್ತದೆ ಎಂಬುದು ನಮ್ಮ ಎಣಿಕೆ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಭಕ್ತರಲ್ಲಿ ಒಂದು ಸೊಗಸಾದ ವಿವರಣೆ ಬಳಕೆಯಲ್ಲಿದೆ. ರಾಧೆಯ ಮೈ ಹೊಂಬಣ್ಣದ್ದು, ಆದುದರಿಂದ ಕೃಷ್ಣ ಹಳದಿ ಉಡುತ್ತಾನೆ. ಕೃಷ್ಣನ ಮೈ ನೀಲ, ಆದುದರಿಂದ ರಾಧೆ ನೀಲಿ ಉಡುತ್ತಾಳೆ. ಒಬ್ಬರು ಇನ್ನೊಬ್ಬರ ಬಣ್ಣವನ್ನು ಮೈಮೇಲೆ ಹೊದ್ದಿದ್ದಾರೆ. ಕೇಳುವುದಕ್ಕೆ ಹಿತವಾಗಿದೆ. ಆದರೆ ಕಾಲಕ್ರಮದ ಮುಂದೆ ನಿಲ್ಲುವುದಿಲ್ಲ. ಪೀತಾಂಬರ ವಿಷ್ಣುವಿನ ಉಡುಗೆ, ರಾಧೆಗಿಂತ ಬಹಳ ಹಳೆಯದು. ಭಾಗವತದಲ್ಲಿ ಕೃಷ್ಣನಿಗೆ ಹಳದಿ ವಸ್ತ್ರ ಇದೆ, ರಾಧೆಯ ಹೆಸರು ಇಲ್ಲ. ನೀಲಿಯೂ ಹಾಗೆಯೇ. ನೀಲಾಂಬರನೆಂದರೆ ಬಲರಾಮ. ಅಣ್ಣನ ಮೈ ಬಿಳುಪು, ಅವನಿಗೆ ಕಪ್ಪು ಬಟ್ಟೆ. ತಮ್ಮನ ಮೈ ಕಪ್ಪು, ಅವನಿಗೆ ಹೊಳೆಯುವ ಬಟ್ಟೆ. ಇದು ಪ್ರೇಮದ ಲೆಕ್ಕವಲ್ಲ, ಒಪ್ಪುವ ಬಣ್ಣದ ಲೆಕ್ಕ. ಸೀರೆ ಅಂಗಡಿಯಲ್ಲಿ 'ನಿಮ್ಮ ಬಣ್ಣಕ್ಕೆ ಇದು ಎದ್ದು ಕಾಣುತ್ತದೆ' ಎನ್ನುತ್ತಾರಲ್ಲ, ಅದೇ.

ಜಯದೇವನಿಗೆ ಇದು ತಿಳಿಯದೇ ಇಲ್ಲ. ದಶಾವತಾರಗಳನ್ನು ಹೊಗಳುವ ಮೊದಲನೆಯ ಗೀತೆಯಲ್ಲಿಯೇ ಬಲರಾಮನ ಬಿಳಿಯ ಮೈಮೇಲಿನ ಮುಗಿಲ ಬಣ್ಣದ ಬಟ್ಟೆ ಬರುತ್ತದೆ. ಅಲ್ಲಿ ಕವಿ ಸುಮ್ಮನೆ ಬಿಡುವುದಿಲ್ಲ. ನೇಗಿಲಿನ ಏಟಿಗೆ ಹೆದರಿ ಬಂದು ಅವನನ್ನು ಅಪ್ಪಿಕೊಂಡ ಯಮುನೆಯಂತೆ ಆ ಬಟ್ಟೆ ಇದೆ ಎನ್ನುತ್ತಾನೆ. ಮೈಗೆ ಸುತ್ತಿದ ಬಟ್ಟೆ ಒಬ್ಬ ವ್ಯಕ್ತಿಯಾಗಿ, ಒಂದು ಹೆಣ್ಣಾಗಿ, ಅಪ್ಪುಗೆಯಾಗಿ ಬದಲಾಗುವುದು ಈ ಕಾವ್ಯದಲ್ಲಿ ಇಲ್ಲಿಂದಲೇ ಶುರು. ಹೆದರಿಕೆಯಿಂದ ಆದ ಅಪ್ಪುಗೆ ಇದು. ಮುಂದೆ ಬೇರೆ ಬಗೆಯದು ಬರಲಿದೆ.

ಇನ್ನೊಂದು ಮಾತು, ನೀಲದ ಬಗ್ಗೆ. ಇಂದಿನ ಮಾತಿನ ನೀಲಿಯನ್ನು, ಶಾಯಿಯ ನೀಲಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜಯದೇವ ಅರ್ಥವಾಗುವುದಿಲ್ಲ. ಸಂಸ್ಕೃತದ ನೀಲ ಕಪ್ಪಿನವರೆಗೂ ಹರಿಯುವ ಬಣ್ಣ: ಮಳೆಮುಗಿಲು, ಹೊಂಗೆಯ ನೆರಳಿನಂಥ ದಟ್ಟ ನೆರಳು, ಕಾಡಿಗೆ, ಕತ್ತಲೆ ಎಲ್ಲವೂ ಅದರೊಳಗಿವೆ. ಉತ್ತರ ಕರ್ನಾಟಕದ ಹೆಂಗಸರ ಚಂದ್ರಕಾಳಿ ಸೀರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1977ರಲ್ಲಿ ಗೀತಗೋವಿಂದವನ್ನು ಇಂಗ್ಲಿಷಿಗೆ ತಂದ ಬಾರ್ಬರಾ ಸ್ಟೋಲರ್ ಮಿಲ್ಲರ್ ತಮ್ಮ ಪುಸ್ತಕದ ಹೆಸರಿನಲ್ಲಿ ಕೃಷ್ಣನನ್ನು ನೀಲಿಯ ಒಡೆಯನೆನ್ನದೆ ಕಪ್ಪು ಒಡೆಯನೆಂದು ಕರೆದದ್ದು ವಿವೇಕದ ಮಾತು.

ಈಗ ಐದನೆಯ ಸರ್ಗಕ್ಕೆ ಬರೋಣ. ಕೃಷ್ಣ ಯಮುನೆಯ ದಡದಲ್ಲಿ ಕಾಯುತ್ತಿದ್ದಾನೆ, ತಡಮಾಡಬೇಡ, ಹೊರಡು ಎಂದು ಸಖಿ ರಾಧೆಯನ್ನು ಅವಸರಪಡಿಸುತ್ತಾಳೆ. ಸದ್ದುಮಾಡುವ ಕಾಲಂದುಗೆಯನ್ನು ಬಿಚ್ಚಿಡು, ನೀಲನಿಚೋಲವನ್ನು ಹೊದ್ದುಕೋ ಎನ್ನುತ್ತಾಳೆ. ನಿಚೋಲವೆಂದರೆ ಮೈಮುಚ್ಚುವ ಹೊದಿಕೆ. ಇಲ್ಲಿ ನೀಲಿಯ ಕೆಲಸ ಸ್ಪಷ್ಟವಾಗಿದೆ: ಕತ್ತಲೆಯಲ್ಲಿ ಕಾಣದಿರುವುದು. ಅಲಂಕಾರಶಾಸ್ತ್ರವೂ ಇದನ್ನೇ ಹೇಳುತ್ತದೆ. ನಲ್ಲನಿದ್ದಲ್ಲಿಗೆ ತಾನೇ ಹೊರಟ ಅಭಿಸಾರಿಕೆ ಕತ್ತಲ ರಾತ್ರಿಯಲ್ಲಿ ಕಪ್ಪು ಉಡಬೇಕು, ಬೆಳದಿಂಗಳಲ್ಲಿ ಬಿಳಿ ಉಡಬೇಕು. ಹಾಗಾದರೆ ರಾಧೆಯ ನೀಲಿ ಕೃಷ್ಣನ ನೀಲಿಯಲ್ಲ, ರಾತ್ರಿಯ ನೀಲಿ; ಹುಣ್ಣಿಮೆಯಾಗಿದ್ದರೆ ಅವಳಿಗೆ ಬಿಳಿಯ ಸೀರೆ ಉಡಿಸಿ ಕಳಿಸುತ್ತಿದ್ದಳು ಸಖಿ. ಭಕ್ತರ ವಿವರಣೆಯನ್ನು ನಗುವ ಪಂಡಿತರು ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ನಿಲ್ಲಿಸಲಾರೆವು. ಏಕೆಂದರೆ ಅದೇ ಗೀತೆಯಲ್ಲಿ, ಕೆಲವೇ ಸಾಲುಗಳ ಆಚೆಗೆ, ಅದೇ ಸಖಿ ರಾಧೆಯನ್ನು 'ಪೀತೇ' ಎಂದು ಕರೆಯುತ್ತಾಳೆ. ಮುಗಿಲಿನ ಮೇಲೆ ಮಿಂಚು ಹೊಳೆದಂತೆ ಅವನ ಎದೆಯ ಮೇಲೆ ನೀನು ಹೊಳೆಯುವೆ ಎಂಬ ಸಂದರ್ಭ. ಹಳದಿ ಹೊಂಬಣ್ಣದವಳೇ ಎಂಬ ಕರೆ.

ಈ ಒಂದು ಪದವನ್ನು ವ್ಯಾಖ್ಯಾನಕಾರರು 'ಗೌರವರ್ಣದವಳೆ' ಎಂದು ಹೇಳಿ ದಾಟಿಹೋಗುತ್ತಾರೆ. ಆದರೆ ಪೀತವೆಂಬುದು ಈ ಕಾವ್ಯದಲ್ಲಿ ಬೇಡದೆ ಬಂದ ಪದವಲ್ಲ. ಮೊದಲನೆಯ ಸರ್ಗದಲ್ಲಿ ಗೋಪಿಯರ ನಡುವೆ ಆಡುವ ಕೃಷ್ಣನನ್ನು ವರ್ಣಿಸುವಾಗ ನೀಲ ಮೈ, ಪೀತ ವಸನ ಎಂದು ಎರಡು ಬಣ್ಣಗಳನ್ನೂ ಬೆನ್ನಿಗೆ ಬೆನ್ನಾಗಿ ಇಟ್ಟಿದ್ದಾನೆ ಕವಿ. ಓದುಗನ ಕಿವಿಯಲ್ಲಿ ಆ ಜೋಡಿ ಉಳಿದಿರುವಾಗ ಐದನೆಯ ಸರ್ಗದಲ್ಲಿ ಅದೇ ಎರಡು ಪದಗಳು ತಲೆಕೆಳಗಾಗಿ ಬರುತ್ತವೆ: ಪೀತ ಮೈ, ನೀಲ ಹೊದಿಕೆ. ಅವನ ಮೈ ಅವಳ ಬಟ್ಟೆಯಾಗಿದೆ, ಅವಳ ಮೈ ಅವನ ಬಟ್ಟೆಯಾಗಿದೆ. ಹಳೆಯ ಪುರಾಣಗಳಿಂದ ಬಂದ ಪೀತಾಂಬರವನ್ನೂ ಶಾಸ್ತ್ರದಿಂದ ಬಂದ ಕತ್ತಲ ಸೀರೆಯನ್ನೂ ಎದುರುಬದುರು ಇಟ್ಟು ಅವುಗಳಿಗೆ ಹೊಸ ನಂಟು ಕಲ್ಪಿಸಿದವನು ಜಯದೇವ. ಸಖಿಗೆ ತಿಳಿದಿರುವುದು ಕತ್ತಲೆ ಮಾತ್ರ. ಕವಿಗೆ ಬಣ್ಣ ತಿಳಿದಿದೆ.

ಇದು ನಾವು ಹಿಗ್ಗಿಸಿ ಹೇಳುವ ಮಾತೆಂದು ಅನುಮಾನಿಸುವವರು ಆರನೆಯ ಸರ್ಗವನ್ನು ನೋಡಬೇಕು. ಸಖಿ ಏನೋ ನೀಲಿ ಹೊದ್ದು ಹೊರಡೆಂದಳು. ರಾಧೆಗೆ ಹೊರಡುವ ಶಕ್ತಿಯಿಲ್ಲ. ವಿರಹದಲ್ಲಿ ಬಳಲಿ ಬಳ್ಳಿಮಾಡದಲ್ಲಿ ಕುಳಿತಿದ್ದಾಳೆ. ಅಲ್ಲಿ ಅವಳು ಮಾಡುವುದು ಎರಡು ಕೆಲಸ. ತನ್ನ ಅಲಂಕಾರವನ್ನು ಮತ್ತೆ ಮತ್ತೆ ನೋಡಿಕೊಂಡು ತಾನೇ ಕೃಷ್ಣನೆಂದು ಭಾವಿಸಿಕೊಳ್ಳುತ್ತಾಳೆ. ಮತ್ತೆ, ಮುಗಿಲಿನಂತೆ ದಟ್ಟೈಸಿದ ಕತ್ತಲೆಯನ್ನು ಹರಿಯೇ ಬಂದನೆಂದು ಅಪ್ಪುತ್ತಾಳೆ, ಮುತ್ತಿಡುತ್ತಾಳೆ. ಕತ್ತಲೆ ಮರೆಮಾಡುವ ಸಾಧನವಾಗಿದ್ದುದು ಇಲ್ಲಿಗೆ ಮುಗಿಯಿತು. ಕತ್ತಲೆಯೇ ಅವನಾದ ಮೇಲೆ ಕತ್ತಲೆಯ ಬಣ್ಣದ ಬಟ್ಟೆ ಯಾರ ಬಣ್ಣದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ರಾತ್ರಿ ಅವನು ಬರಲೇ ಇಲ್ಲ. ಬಂದದ್ದು ಬೆಳಗ್ಗೆ, ಎಂಟನೆಯ ಸರ್ಗದಲ್ಲಿ, ಇನ್ನೊಬ್ಬಳ ಬಳಿಯಿಂದ. ಇಡೀ ಕಾವ್ಯದಲ್ಲಿ ಬಣ್ಣಗಳು ಅತ್ಯಂತ ಕ್ರೂರವಾಗಿ ಮಾತನಾಡುವುದು ಇಲ್ಲಿ. ಕಾಡಿಗೆ ಕಣ್ಣುಗಳನ್ನು ಮುದ್ದಿಸಿದ ತುಟಿ ಕಪ್ಪಾಗಿ ಅವನ ಮೈಬಣ್ಣಕ್ಕೇ ಹೊಂದಿಕೊಂಡಿದೆ. ಎದೆಯ ಮೇಲೆ ಯಾರದೋ ಪಾದದ ಅರಗಿನ ಕೆಂಪು. ರಾತ್ರಿಯ ನಿದ್ದೆಗೆಟ್ಟ ಕಣ್ಣು ಕೆಂಪು. ರಾಧೆ ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತಾಳೆ. ಹೊರಗೆ ಕಪ್ಪಾಗಿರುವ ನಿನ್ನ ಮನಸ್ಸು ಒಳಗೆ ಇನ್ನೂ ಕಪ್ಪಾಗಿರಬೇಕು ಎನ್ನುತ್ತಾಳೆ. ಮೊನ್ನೆ ಕತ್ತಲೆಯನ್ನೇ ಅವನೆಂದು ಅಪ್ಪಿದವಳು ಇಂದು ಅದೇ ಬಣ್ಣವನ್ನು ಬೈಗುಳ ಮಾಡುತ್ತಾಳೆ. ಮೆಚ್ಚಿನ ಬಣ್ಣವೆಂಬುದು ಮುನಿಸಿನ ಹೊತ್ತಿನಲ್ಲಿ ಏನಾಗುತ್ತದೆಂಬುದನ್ನು ಇಷ್ಟು ನೇರವಾಗಿ ಹೇಳಿದ ಕಾವ್ಯ ನಮಗೆ ಬೇರೆ ಕಂಡಿಲ್ಲ. ಇಲ್ಲಿ ಜೀವಾತ್ಮ ಪರಮಾತ್ಮರನ್ನು ಬೇಗ ಬೇಗ ಕರೆತರುವ ವ್ಯಾಖ್ಯಾನಗಳ ಬಗ್ಗೆ ನಮಗೆ ಅಸಮಾಧಾನವಿದೆ. ಪರಮಾತ್ಮನ ತುಟಿಗೆ ಹತ್ತಿದ ಕಾಡಿಗೆಯನ್ನು ಒರೆಸಿಬಿಟ್ಟರೆ ರಾಧೆಯ ಸಿಟ್ಟಿಗೆ ಆಧಾರವೇ ಉಳಿಯುವುದಿಲ್ಲ. ಅವಳ ಸಿಟ್ಟು ಸುಳ್ಳಾದರೆ ಮುಂದೆ ಅವಳ ಒಲವೂ ಸುಳ್ಳಾಗುತ್ತದೆ. 1792ರಲ್ಲಿ ಸರ್ ವಿಲಿಯಂ ಜೋನ್ಸ್ ಈ ಕಾವ್ಯವನ್ನು ಇಂಗ್ಲಿಷಿಗೆ ತಂದಾಗ ಯುರೋಪಿನ ಅಭಿರುಚಿಗೆ ಅತಿಯೆನಿಸುವ ಭಾಗಗಳನ್ನು ಕೈಬಿಟ್ಟ. ಅವನದು ಸಂಕೋಚ, ನಮ್ಮವರದು ವೇದಾಂತ. ಒರೆಸುವ ಬಟ್ಟೆ ಒಂದೇ.

ಮುನಿಸು ತಿಳಿಯಾಗಿ ರಾಧೆ ನಿಜವಾಗಿ ಹೊರಡುವುದು ಹನ್ನೊಂದನೆಯ ಸರ್ಗದಲ್ಲಿ. ಆಗ ಕವಿ ಮತ್ತೆ ನೀಲನಿಚೋಲವನ್ನು ಹೊರತೆಗೆಯುತ್ತಾನೆ. ಆದರೆ ಈ ಸಲ ಅದು ಸಖಿಯ ಕೈಯಲ್ಲಿಲ್ಲ. ಕಣ್ಣಿಗೆ ಕಾಡಿಗೆಯಾಗಿ, ಕಿವಿಗೆ ಹೊಂಗೆಳೆಯಂಥ ತಮಾಲದ ಗೊಂಚಲಾಗಿ, ಮುಡಿಗೆ ಕನ್ನೈದಿಲೆಯ ಮಾಲೆಯಾಗಿ, ಎದೆಗೆ ಕಸ್ತೂರಿಯ ಚಿತ್ರವಾಗಿ ಕತ್ತಲೆಯೇ ನೀಲಿ ಹೊದಿಕೆಯಂತೆ ಅಭಿಸಾರಿಕೆಯರ ಅಂಗಾಂಗವನ್ನೂ ಅಪ್ಪುತ್ತಿದೆ ಎಂಬುದು ಅಲ್ಲಿನ ಮಾತು. ಐದರಲ್ಲಿ ಬಟ್ಟೆ ಕತ್ತಲೆಗೆ ಹೊಂದುವಂಥದು. ಹನ್ನೊಂದರಲ್ಲಿ ಕತ್ತಲೆಯೇ ಬಟ್ಟೆ, ಆ ಬಟ್ಟೆಯೇ ಅಪ್ಪುಗೆ. ಬಲರಾಮನನ್ನು ಹೆದರಿ ಅಪ್ಪಿದ ಯಮುನೆಯಿಂದ ಇಲ್ಲಿಯವರೆಗೆ ಕವಿ ನಡೆದ ದಾರಿಯನ್ನು ಓದುಗರು ಅಳೆದುಕೊಳ್ಳಬಹುದು. ಅದೇ ಸರ್ಗದಲ್ಲಿ, ಕುಂಜದ ಬಾಗಿಲಲ್ಲಿ ನಿಂತ ರಾಧೆಯ ಕಣ್ಣಿಗೆ ಕಾಣುವ ಕೃಷ್ಣ ಹೇಗಿದ್ದಾನೆ? ಕಪ್ಪು ಮೈಗೆ 'ಗೌರ' ದುಕೂಲವನ್ನು ಉಟ್ಟಿದ್ದಾನೆ. ನೀಲಿ ತಾವರೆಯನ್ನು ಹಳದಿ ಪರಾಗ ಸುತ್ತಿಕೊಂಡಂತೆ ಅದು ಕಾಣುತ್ತದೆ. ಬಟ್ಟೆಗೆ ಪೀತವೆನ್ನದೆ ಗೌರವೆಂದದ್ದನ್ನು ಗಮನಿಸಿ. ಗೌರವೆಂಬುದು ಬಟ್ಟೆಗಿಂತ ಹೆಣ್ಣಿನ ಮೈಗೆ ಹೆಚ್ಚು ಸಲ್ಲುವ ಮಾತು. ರಾಧೆ ಅವನ ಸೊಂಟದ ಸುತ್ತ ತನ್ನ ಬಣ್ಣವನ್ನೇ ಕಾಣುತ್ತಿದ್ದಾಳೆ. ಈಗ ಅವಳಿಗೆ ಬಾಗಿಲು ದಾಟಲು ಧೈರ್ಯ ಬಂದರೆ ಅಚ್ಚರಿಯಿಲ್ಲ.

ನಮ್ಮ ಆರತಕ್ಷತೆಯ ಜೋಡಿಬಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಅಲ್ಲಿ ಇಬ್ಬರೂ ಸೇರಿ ಮೂರನೆಯದೊಂದು ಬಣ್ಣವನ್ನು ಅಂಗಡಿಯಿಂದ ತಂದು ಹಂಚಿಕೊಳ್ಳುತ್ತಾರೆ. ಇಲ್ಲಿ ಯಾರೂ ತಮಗೆ ಮೆಚ್ಚಾದ ಬಣ್ಣವನ್ನು ಆರಿಸುವುದಿಲ್ಲ. ಎದುರಿಗಿರುವವರ ಮೈಬಣ್ಣ ತಾನಾಗಿ ಮೆಚ್ಚಿನ ಬಣ್ಣವಾಗುತ್ತದೆ.

ಚಿತ್ರಕಾರರು ಇದನ್ನು ಹೇಗೆ ತೆಗೆದುಕೊಂಡರೆಂಬುದು ಬೇರೆಯೇ ಒಂದು ಕಥೆ. ಹಿಮಾಲಯದ ತಪ್ಪಲಿನ ರಾಜ್ಯಗಳಲ್ಲಿ ಗೀತಗೋವಿಂದದ ಎರಡು ಪ್ರಸಿದ್ಧ ಚಿತ್ರಮಾಲೆಗಳು ಹುಟ್ಟಿದವು: ಗುಲೇರಿನ ಮಾನಕು 1730ರಲ್ಲಿ ಬರೆದದ್ದು ಒಂದು, ಸುಮಾರು 1775ರ ಹೊತ್ತಿಗೆ ಅವನ ಮತ್ತು ಅವನ ತಮ್ಮ ನೈನಸುಖನ ಮುಂದಿನ ತಲೆಮಾರಿನವರು ಬರೆದರೆನ್ನಲಾಗುವ ಕಾಂಗ್ಡಾ ಮಾಲೆ ಇನ್ನೊಂದು. ಎಂ.ಎಸ್. ರಾಂಧವಾ ಅವರ ಪುಸ್ತಕದಿಂದ ಎರಡನೆಯದು ಎಲ್ಲರ ಕಣ್ಣಿಗೆ ಬಿತ್ತು. ಅದನ್ನು 1963ರಲ್ಲಿ ಪ್ರಕಟಿಸಿದ್ದು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಈ ಮಾಲೆಗಳ ಹಾಳೆಗಳು ಇಂದು ಒಂದೆಡೆ ಇಲ್ಲ, ಹಲವು ಸಂಗ್ರಹಗಳಿಗೆ ಹಂಚಿಹೋಗಿವೆ. ಆದರೂ ಅಚ್ಚಾದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೃಷ್ಣ ಬಹುಮಟ್ಟಿಗೆ ಎಲ್ಲ ಹಾಳೆಗಳಲ್ಲಿಯೂ ಹಳದಿಯಲ್ಲಿಯೇ ಇದ್ದಾನೆ. ರಾಧೆಯ ಬಣ್ಣ ಹಾಳೆಯಿಂದ ಹಾಳೆಗೆ ಬದಲಾಗುತ್ತದೆ. ಮರ, ನದಿ, ಸಖಿಯ ಉಡುಗೆಗಳ ನಡುವೆ ಯಾವುದು ಒಪ್ಪುವುದೋ ಅದನ್ನು ಅವಳಿಗೆ ಉಡಿಸಿದ್ದಾರೆ.

ಇದರಲ್ಲೊಂದು ತಮಾಷೆಯುಂಟು. ಕಥೆಯಲ್ಲಿ ಅಲೆಯುವವನು ಅವನು, ಮಾತು ತಪ್ಪುವವನು ಅವನು. ಆದರೆ ಚಿತ್ರದಲ್ಲಿ ಬಣ್ಣಕ್ಕೆ ನಿಷ್ಠನಾಗಿ ಉಳಿದವನೂ ಅವನೇ. ಇನ್ನೊಬ್ಬಳ ಬಳಿ ಕುಳಿತ ಹಾಳೆಯಲ್ಲಿಯೂ ಅವನ ಸೊಂಟದಲ್ಲಿ ಇರುವುದು ರಾಧೆಯ ಬಣ್ಣ. ಚಿತ್ರಕಾರನಿಗೆ ಅದು ಕೃಷ್ಣನನ್ನು ಗುರುತಿಸುವ ಗುರುತು ಅಷ್ಟೆ ಎನ್ನಬಹುದು; ಕವಿಯನ್ನು ಓದಿ ಬಂದ ಕಣ್ಣಿಗೆ ಅಷ್ಟೇ ಆಗಿ ಉಳಿಯುವುದಿಲ್ಲ. ಆ ಹಳದಿಯ ಹುಟ್ಟು ಕೂಡ ಕುತೂಹಲದ್ದು. ಪಹಾಡಿ ಚಿತ್ರಕಾರರು ಬಳಸುತ್ತಿದ್ದ ಬಣ್ಣಗಳಲ್ಲಿ ಪೇವರಿ ಎಂಬುದೊಂದು. ಅದನ್ನು ಮಾವಿನ ಎಲೆ ತಿನ್ನಿಸಿದ ಹಸುಗಳ ಮೂತ್ರವನ್ನು ಬತ್ತಿಸಿ ತೆಗೆಯುತ್ತಿದ್ದುದನ್ನು ಬಿಹಾರದ ಮುಂಗೇರಿನ ಹತ್ತಿರ ಕಂಡು 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ವರದಿಮಾಡಿದರು. ಗೋಪಾಲನ ಪಂಚೆಗೆ ಹಸುವೇ ಬಣ್ಣ ಕೊಟ್ಟದ್ದು ನ್ಯಾಯವಾಗಿಯೇ ಇದೆ.

ಚಿತ್ರಕಾರರು ಕೈಬಿಟ್ಟದ್ದನ್ನು ಮುಂದಿನ ಕವಿಗಳೂ ಭಕ್ತರೂ ಹಿಡಿದುಕೊಂಡರು. ಹದಿನೇಳನೆಯ ಶತಮಾನದಲ್ಲಿ ಅಂಬೇರಿನ ಮಿರ್ಜಾ ರಾಜಾ ಜಯಸಿಂಹನ ಆಸ್ಥಾನದಲ್ಲಿದ್ದ ಬಿಹಾರಿಯ 'ಸತಸಈ'ಯ ಮೊದಲ ದೋಹೆಯೇ ಈ ಬಣ್ಣದಾಟ. ರಾಧೆಯ ಮೈಯ ನೆರಳು ತಾಗಿದೊಡನೆ ಶ್ಯಾಮ 'ಹರಿತ'ನಾಗುತ್ತಾನೆ ಎಂಬುದು ಅದರ ಭಾವ. ಹರಿತವೆಂದರೆ ಹಸಿರು, ಹಳದಿಯೂ ನೀಲಿಯೂ ಕೂಡಿದರೆ ಹಸಿರು. ನಲಿದವನು ಎಂಬ ಅರ್ಥವೂ ಅದರಲ್ಲಿದೆ. ಬಣ್ಣದ ಅಂಗಡಿಯವನಿಗೆ ತಿಳಿದ ಸತ್ಯವನ್ನು ಬಿಹಾರಿ ಭಕ್ತಿಯ ಬಾಗಿಲಿಗೆ ತೋರಣವಾಗಿ ಕಟ್ಟಿದ. ಜಾಣ್ಮೆ ದೊಡ್ಡದು, ಜಯದೇವನ ಕತ್ತಲೆಯ ಆಳ ಅಲ್ಲಿಲ್ಲ ಎನ್ನದೆ ವಿಧಿಯಿಲ್ಲ. ಬಂಗಾಳದ ವೈಷ್ಣವರಂತೂ ಇನ್ನೂ ಮುಂದೆ ಹೋದರು. ಕೃಷ್ಣನೇ ರಾಧೆಯ ಭಾವವನ್ನೂ ಹೊಂಬಣ್ಣವನ್ನೂ ತಾಳಿ ಚೈತನ್ಯನಾಗಿ ಬಂದನೆಂಬುದು ಅವರ ನಂಬಿಕೆ. ಚೈತನ್ಯನಿಗೆ ಗೌರಾಂಗನೆಂಬ ಹೆಸರು ನಿಂತಿತು. ಬಟ್ಟೆಯಾಗಿ ಉಟ್ಟದ್ದು ಅಲ್ಲಿ ಮೈಯೇ ಆಗಿಹೋಯಿತು.

ನಮ್ಮ ಕನ್ನಡದಲ್ಲಿ ಈ ಬಣ್ಣದ ಕಥೆ ಬೆಳೆಯಲಿಲ್ಲ. ಕಾರಣ ಸರಳ, ರಾಧೆಯೇ ನಮ್ಮಲ್ಲಿ ವಿರಳ. ವಿಷ್ಣುಪುರಾಣವನ್ನು ಅನುಸರಿಸಿದ ರುದ್ರಭಟ್ಟನ 'ಜಗನ್ನಾಥವಿಜಯ'ಕ್ಕೆ ಅವಳು ಬೇಕಾಗಲಿಲ್ಲ. ನಮ್ಮ ದೇವಾಲಯಗಳ ವೇಣುಗೋಪಾಲನ ಎಡಬಲಕ್ಕೆ ರುಕ್ಮಿಣಿ ಸತ್ಯಭಾಮೆಯರು ನಿಂತರು. ಹರಿದಾಸರು ಗೋಪಿಯರನ್ನು ಹಾಡಿದಷ್ಟು ರಾಧೆಯನ್ನು ಹಾಡಲಿಲ್ಲ. ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿರುವ 'ಗೀತಗೋಪಾಲ' ಗೀತಗೋವಿಂದದ ಮಾದರಿಯಲ್ಲಿಯೇ ಹುಟ್ಟಿ, ಅಷ್ಟಪದಿಗೆ ಸಪ್ತಪದಿಯನ್ನು ಎದುರಿಟ್ಟಿತು. ಅವಳನ್ನು ನಿಜವಾಗಿ ಕನ್ನಡಕ್ಕೆ ಕರೆತಂದವರು ಪು.ತಿ.ನ. ಅವರ 'ಗೋಕುಲ ನಿರ್ಗಮನ'ದಲ್ಲಿ, ಬಿ.ವಿ. ಕಾರಂತರ ರಂಗಪ್ರಯೋಗದಿಂದ ಹಲವರ ಕಣ್ಣಿಗೂ ಕಿವಿಗೂ ಬಿದ್ದ ಆ ಗೀತನಾಟಕದಲ್ಲಿ, ರಾಧೆಗೆ ಉಳಿಯುವುದು ಕೊಳಲಿನ ನೆನಪು. ನಮ್ಮ ರಾಧೆ ಕೇಳುವವಳು, ಉತ್ತರದ ರಾಧೆ ಉಡುವವಳು. ಆದುದರಿಂದಲೇ ಇರಬೇಕು, ಪೀತಾಂಬರ ನಮ್ಮ ಮಾತಿನಲ್ಲಿ ಅಷ್ಟು ಸುಲಭವಾಗಿ ಬಣ್ಣ ಬಿಟ್ಟದ್ದು. ಅದನ್ನು ಹಳದಿಯಾಗಿ ಉಳಿಸಿಕೊಳ್ಳಬೇಕೆಂದು ಹಟ ಹಿಡಿಯಲು ಎದುರಿಗೆ ನೀಲಿ ಉಟ್ಟ ಹೆಣ್ಣಿರಲಿಲ್ಲ.

ಒರಿಸ್ಸಾದ ಕಡೆ ಸ್ಥಿತಿ ಬೇರೆ. ಪುರಿಯ ಜಗನ್ನಾಥನ ಗುಡಿಯಲ್ಲಿ ಗೀತಗೋವಿಂದವನ್ನಲ್ಲದೆ ಬೇರೆಯದನ್ನು ಹಾಡಕೂಡದೆಂದು ಗಜಪತಿ ಪ್ರತಾಪರುದ್ರ 1499ರಲ್ಲಿ ಶಾಸನ ಹಾಕಿಸಿದ. ಅಲ್ಲಿನ ನೇಕಾರರು ಈ ಕಾವ್ಯದ ಸಾಲುಗಳನ್ನೇ ಖಂಡುವಾ ರೇಷ್ಮೆಯಲ್ಲಿ ನೇಯ್ದು ದೇವರಿಗೆ ಉಡಿಸಿದರು. ಬಟ್ಟೆಗಳ ಕಾವ್ಯ ಕೊನೆಗೆ ತಾನೇ ಬಟ್ಟೆಯಾಯಿತು. ಆ ನಾಡಿನಿಂದ ಬಂದ ಕೇಳುಚರಣ ಮಹಾಪಾತ್ರರು ಗೀತಗೋವಿಂದದ ಕೊನೆಯ ಅಷ್ಟಪದಿಗೆ ಅಭಿನಯ ಮಾಡಿದ್ದನ್ನು ನೋಡಿದವರು ಮರೆಯಲಾರರು. ವಯಸ್ಸಾದ ಗಂಡಸು, ಬರಿಯ ಎದೆ, ಒಂದು ಪಂಚೆ. ವೇಷ ಬದಲಿಸದೆ ಅವರು ರಾಧೆಯಾಗುತ್ತಿದ್ದರು, ಕೃಷ್ಣನಾಗುತ್ತಿದ್ದರು. ಕೈಬೆರಳಿನಲ್ಲಿಯೇ ಕಸ್ತೂರಿಯಿತ್ತು, ಕಾಡಿಗೆಯಿತ್ತು. ನಮ್ಮ ವಾರ್ಷಿಕೋತ್ಸವದ ಮಿಂಚಿನ ಲಂಗವನ್ನು ಮೇಲೆ ಟೀಕಿಸಿದ್ದು ಅದು ಗುಲಾಬಿಯೆಂಬ ಕಾರಣಕ್ಕಲ್ಲ. ರಾಧೆಗೆ ಒಂದು ಬಣ್ಣದ ಹಕ್ಕಿದೆ ಎಂಬ ನೆನಪೇ ಅಲ್ಲಿ ಇಲ್ಲದಿರುವುದಕ್ಕೆ. ನೆನಪಿದ್ದರೆ ಕೇಳುಚರಣರಂತೆ ಬಣ್ಣವಿಲ್ಲದೆಯೂ ಆಡಬಹುದು.

ಆ ಕೊನೆಯ ಗೀತೆಯ ಮಾತನ್ನು ಕೊನೆಗೆ ಇಟ್ಟುಕೊಂಡೆವು. ಹನ್ನೆರಡನೆಯ ಸರ್ಗ. ರಾತ್ರಿ ಕಳೆದಿದೆ, ಅಲಂಕಾರವೆಲ್ಲ ಕೆಟ್ಟಿದೆ. ಈಗ ರಾಧೆ ಕೃಷ್ಣನಿಗೆ ಅಪ್ಪಣೆ ಕೊಡುತ್ತಾಳೆ: ಎದೆಗೆ ಕಸ್ತೂರಿಯ ಚಿತ್ರ ಬರೆ, ಕಣ್ಣಿಗೆ ಕಾಡಿಗೆ ತೀಡು, ಮುಡಿಗೆ ಹೂ ಮುಡಿಸು, ನಡುವಿಗೆ ಡಾಬು ಕಟ್ಟು, ಬಟ್ಟೆ ಉಡಿಸು. ಎಂಟನೆಯ ಸರ್ಗದಲ್ಲಿ ಯಾವ ಕಾಡಿಗೆ ಅವನ ತುಟಿಗೆ ಹತ್ತಿ ಅವನನ್ನು ಹಿಡಿದುಕೊಟ್ಟಿತೋ ಅದೇ ಕಾಡಿಗೆಯನ್ನು ಈಗ ಅವನು ತನ್ನ ಕೈಯಿಂದ ಅವಳ ಕಣ್ಣಿಗೆ ಹಚ್ಚಬೇಕು. ಇದಕ್ಕಿಂತ ಸರಿಯಾದ ದಂಡ ಇನ್ನೊಂದಿಲ್ಲ. ಅವಳು ಹೇಳಿದಂತೆಯೇ ಅವನು ಮಾಡಿದ ಎನ್ನುವಾಗ ಕವಿ ಅವನನ್ನು ಹರಿಯೆನ್ನುವುದಿಲ್ಲ, ಮಾಧವನೆನ್ನುವುದಿಲ್ಲ. ಪೀತಾಂಬರನೆನ್ನುತ್ತಾನೆ. ಸರ್ಗದ ಹೆಸರೂ ಅದೇ: ಸುಪ್ರೀತ ಪೀತಾಂಬರ. ಹನ್ನೆರಡು ಸರ್ಗಗಳಿಗೂ ಕೃಷ್ಣನ ಒಂದೊಂದು ಹೆಸರನ್ನಿಟ್ಟ ಜಯದೇವ ಹಳದಿಯುಟ್ಟವನು ಎಂಬ ಹೆಸರನ್ನು ಇಲ್ಲಿಯವರೆಗೆ ಕಾದಿಟ್ಟಿದ್ದ. ವಿಷ್ಣುವಿನಿಂದ ಬಂದ ಹಳೆಯ ಬಿರುದು ಈ ಸ್ಥಳದಲ್ಲಿ ರಾಧೆಯ ಬಣ್ಣವುಟ್ಟವನು ಎಂಬ ಅರ್ಥವನ್ನಲ್ಲದೆ ಬೇರೆ ಅರ್ಥವನ್ನು ಹೇಗೆ ತಾನೇ ಕೊಡಬಲ್ಲದು?

ಆದರೆ ಅವನು ಅವಳಿಗೆ ಉಡಿಸಿದ ಬಟ್ಟೆ ಯಾವ ಬಣ್ಣದ್ದು? ಗೀತೆಯಲ್ಲಿ ಬಟ್ಟೆಯೆಂದಷ್ಟೇ ಇದೆ. ಇಷ್ಟು ಬಣ್ಣಗಳನ್ನು ಎಣಿಸಿ ಎಣಿಸಿ ಇಟ್ಟ ಕವಿ ಇಲ್ಲಿ ಬಾಯಿ ಬಿಡುವುದಿಲ್ಲ.

ಗೀತಗೋವಿಂದದ ಕೆಲವು ಪಾಠಗಳಲ್ಲಿ ಮಾತ್ರ ಸಿಗುವ ಒಂದು ಶ್ಲೋಕವಿದೆ. ಬೆಳಗಾಗಿದೆ. ಕೃಷ್ಣ ಗಡಿಬ್ಬಿಡಿಯಲ್ಲಿ ನೀಲನಿಚೋಲವನ್ನು ಹೊದ್ದಿದ್ದಾನೆ. ರಾಧೆಯ ಎದೆಯನ್ನು ಹಳದಿ ಬಟ್ಟೆ ಮುಚ್ಚಿದೆ. ಕಂಡ ಸಖಿಯರು ಬೆರಗಾಗಿ ನಗುತ್ತಾರೆ. ಅವನು ನಾಚಿ, ಕಣ್ಣಂಚಿನಿಂದ ರಾಧೆಯ ಮುಖವನ್ನು ನೋಡಿ ತಾನೂ ನಗುತ್ತಾನೆ. ಇದು ಪ್ರಕ್ಷಿಪ್ತ, ಜಯದೇವನದಲ್ಲ, ಆಮೇಲೆ ಯಾರೋ ಸೇರಿಸಿದ್ದು ಎನ್ನುವವರಿದ್ದಾರೆ. ಇರಬಹುದು. ಕಾಂಗ್ಡಾ ಶೈಲಿಯಲ್ಲಿ ಪರಸ್ಪರ ಬಟ್ಟೆ ಬದಲಿಸಿಕೊಂಡ ರಾಧಾಕೃಷ್ಣರ ಚಿತ್ರಗಳೂ ಇವೆ. ಆ ಕಲ್ಪನೆಗೆ ಜನ ಒಲಿದಿದ್ದರೆಂಬುದು ಖಂಡಿತ. ಪ್ರಕ್ಷಿಪ್ತವೆಂದು ಅದನ್ನು ಪುಸ್ತಕದ ಕೊನೆಗೆ, ಸಣ್ಣ ಅಕ್ಷರಕ್ಕೆ ತಳ್ಳುವುದು ಮಾತ್ರ ನಮಗೆ ಸರಿಕಾಣದು. ಐದನೆಯ ಸರ್ಗದ ಎರಡು ಪದಗಳನ್ನು ನಮಗಿಂತ ಎಷ್ಟೋ ಮೊದಲು ಓದಿ, ಕವಿ ಹೇಳದೆ ಬಿಟ್ಟ ಬಣ್ಣ ಯಾವುದೆಂದು ಯೋಚಿಸಿ, ಓಲೆಯ ಅಂಚಿನಲ್ಲಿ ಉತ್ತರ ಬರೆದಿಟ್ಟ ಒಬ್ಬ ಓದುಗನ ಕೈಬರಹವದು.